ಎರಡು ವರ್ಷದ ಸೂತಕ

ಜೂನ್ 8, ಭಾನುವಾರ. ಸಂಜೆ

ಮತ್ತೆ ಕ್ಯಾಪ್ ಮೀರಿದೆ, ಟೀಮಿನ ಸಂಬಳಕ್ಕೆ ಗೇಮ್ ಹಾಕಿರುವ ಮಿತಿ. ಆಟ ಮುಂದಕ್ಕೆ ಹೋಗುತ್ತಿಲ್ಲ. ಕೆಂಪು ಅಕ್ಷರದಲ್ಲಿ ಅದೇ ಸಾಲು — ಮೊದಲು ಟೀಮಿನ ಖರ್ಚು ಇಳಿಸು, ಆಮೇಲೆ ಸೀಸನ್. ತಪ್ಪು ನನ್ನದೇ. ಹೋದ ಸೀಸನ್‌ನಲ್ಲಿ ದೊಡ್ಡ ಆಟಗಾರರ ಸಂಬಳವನ್ನೆಲ್ಲ ಬೋನಸ್ ಮಾಡಿ ಮುಂದಿನ ವರ್ಷಗಳಿಗೆ ತಳ್ಳಿದ್ದೆ. ಮುಂದಿನ ವರ್ಷ ನೋಡಿಕೊಳ್ಳೋಣ ಅಂತ. ಆ ಮುಂದಿನ ವರ್ಷ ಈಗ ಬಂದು ಎದುರಿಗೆ ಕೂತಿದೆ.

ಹಂಸ ಕಾಫಿ ಇಟ್ಟು ಟಿವಿ ಕಡೆ ನೋಡಿದಳು. “ಆಟ ಆಡ್ತಿದ್ದೀರೋ, ಆಡಿಟ್ ಮಾಡ್ತಿದ್ದೀರೋ?” ಕಾಲೇಜಿನಲ್ಲಿ ಅಕೌಂಟೆನ್ಸಿ ಪಾಠ, ಮನೆಗೆ ಬಂದರೂ ಅದೇ. ಹೆಂಡತಿ ಹೇಳುವುದು ಸುಳ್ಳಲ್ಲ. ಈ ಅಮೆರಿಕನ್ ಫುಟ್‌ಬಾಲ್ ವಿಡಿಯೋ ಗೇಮ್‌ನಲ್ಲಿ ಚೆಂಡು ಎಸೆಯುವುದಕ್ಕಿಂತ ಈ ಲೆಕ್ಕವೇ ನನಗೆ ಇಷ್ಟ. ಸ್ಟಾಫ್ ರೂಮಿನಲ್ಲಿ ಹೇಳುವ ಮಾತಲ್ಲ.

ಆರೂವರೆಗೆ ಚನ್ನರಾಯಪಟ್ಟಣದಿಂದ ಮಹಾವೀರನ ಫೋನ್. ಅವರು ಜೈನರು, ಕತ್ತಲಾಗುವ ಮುಂಚೆ ಊಟ ಮುಗಿದಿರುತ್ತೆ. ತೆಂಗಿನಕಾಯಿ ಮಂಡಿ ಮುಚ್ಚಿ, ಉಂಡು, ಹೆಡ್‌ಫೋನ್ ಹಾಕಿ ಕೂರುತ್ತಾನೆ. ನಾವು ಸ್ಕೂಲಿನ ಗೆಳೆಯರು ಆನ್‌ಲೈನ್‌ನಲ್ಲಿ ಆಡುವ ಲೀಗ್ ಅವನ ಕೈಯಲ್ಲಿ. ಎಲ್ಲರದೂ ಮುಗಿದ ಮೇಲೆ ಅವನು ಬಟನ್ ಒತ್ತಿದರೇನೇ ಸೀಸನ್ ತಿರುಗುವುದು.

“ಏನ್ಲಾ ಐನೋರೇ, ಯಾರ್ನ ಬಿಡ್ತೀಯಾ?”

“ಯಾರನ್ನ ಬಿಟ್ರೂ ಸೂತಕ ಕಣೋ.”

ಸೂತಕ ಅನ್ನುವುದು ನಾನು ಇಟ್ಟ ಹೆಸರು. ಇಂಗ್ಲಿಷಿನಲ್ಲಿ ಡೆಡ್ ಮನಿ. ಆಟಗಾರನನ್ನು ಟೀಮಿನಿಂದ ಬಿಟ್ಟರೂ ಅವನಿಗೆ ಕೊಟ್ಟ ಬೋನಸ್‌ನ ಉಳಿಕೆ ಪೆನಾಲ್ಟಿಯಾಗಿ ನಮ್ಮ ತಲೆಗೇ ಬೀಳುತ್ತೆ. ಈ ವರ್ಷ ಅರ್ಧ, ಬರುವ ವರ್ಷ ಅರ್ಧ. ಮನುಷ್ಯ ಹೋಗಿರುತ್ತಾನೆ, ಹೆಸರು ಲೆಕ್ಕದಲ್ಲಿ ಉಳಿದಿರುತ್ತೆ. ಹೊಳೆನರಸೀಪುರದ ಅರ್ಚಕರ ಮನೆಯಲ್ಲಿ ಬೆಳೆದವನಿಗೆ ಬೇರೆ ಪದ ಹೊಳೆಯಲಿಲ್ಲ. ಈಗ ಲೀಗಿನವರೆಲ್ಲ ಹಾಗೇ ಅನ್ನುತ್ತಾರೆ. ಅರಕಲಗೂಡಿನ ಅಶೋಕ ಕೂಡ — “ನಂಗೊಂದು ಸೂತಕ ಐತೆ ಕಣ್ಲಾ, ಈ ಸಲ ಹೊಸಬ್ರನ್ನ ತಗಳಾಕಾಗಕಿಲ್ಲ.”

ಜೂನ್ 12, ಗುರುವಾರ

ಪಟ್ಟಿ ಮೇಲಿಂದ ಕೆಳಗೆ ನೋಡಿದ್ದಾಯಿತು. ಕ್ವಾರ್ಟರ್‌ಬ್ಯಾಕ್‌ನನ್ನು ಬಿಡುವ ಹಾಗಿಲ್ಲ — ಚೆಂಡು ಎಸೆಯುವವನು ಅವನೇ, ಟೀಮೇ ಅವನ ಮೇಲೆ ನಿಂತಿದೆ. ಉಳಿದವರನ್ನು ಬಿಟ್ಟರೆ ಉಳಿಯುವ ಸಂಬಳಕ್ಕಿಂತ ಪೆನಾಲ್ಟಿಯೇ ಜಾಸ್ತಿ. ಬಿಟ್ಟರೆ ಸ್ವಲ್ಪ ಉಸಿರಾಡಲು ಆಗುವುದು ಒಬ್ಬನಿಂದ ಮಾತ್ರ, ಚೆಂಡು ಒದೆಯುವವನಿಂದ. ಕಿಕ್ಕರ್. ಬ್ರಹ್ಮದೇವ.

ಬ್ರಹ್ಮದೇವ ಅಂದರೆ ನಿಜದಲ್ಲಿ ಮಹಾವೀರನ ಅಪ್ಪ. ನಮ್ಮ ಹೈಸ್ಕೂಲಿನ ಪಿ.ಟಿ. ಮೇಷ್ಟ್ರು. ಅಜ್ಜಿ ಮನೆಯಲ್ಲಿದ್ದುಕೊಂಡು ನಾನು ಚನ್ನರಾಯಪಟ್ಟಣದಲ್ಲಿ ಓದಿದ ಮೂರು ವರ್ಷ ಸರ್ ಕೈಯಲ್ಲೇ ಬೆಳೆದೆ. ಯಾರೋ ದಾನಿಗಳು ಸ್ಕೂಲಿಗೆ ಕೊಟ್ಟ ಸಾಮಾನಿನಲ್ಲಿ ಎರಡು ತುದಿ ಚೂಪಾದ ಒಂದು ಚೆಂಡು ಇತ್ತು. ಯಾರಿಗೂ ಅದರ ಆಟ ಗೊತ್ತಿಲ್ಲ. ಸರ್‌ಗೂ ಗೊತ್ತಿರಲಿಲ್ಲ. ಪಂಚೆ ಎತ್ತಿ ಕಟ್ಟಿ ಒದ್ದರು, ಅದು ಹೆಡ್‌ಮಾಸ್ಟರ್ ರೂಮಿನ ಹೆಂಚು ಒಡೆದು ಒಳಗೆ ಹೋಯಿತು. ಮೊಟ್ಟೆ ಚೆಂಡು ಅಂತ ಹೆಸರಾಯಿತು. ಎಷ್ಟೋ ವರ್ಷದ ಮೇಲೆ ಮಹಾವೀರ ಈ ಗೇಮ್ ತಂದಿದ್ದೇ ಆ ನೆನಪಿಗೆ. ಆಟಗಾರರನ್ನು ನಾವೇ ಹುಟ್ಟಿಸಬಹುದು ಅಂತ ಗೊತ್ತಾದಾಗ ಅವನು ಮೊದಲು ಹುಟ್ಟಿಸಿದ್ದು ಅಪ್ಪನನ್ನು. ಬೋಳುತಲೆ, ಮೀಸೆ, ಎಲ್ಲ ಹಾಗೇ. ಹುಟ್ಟಿಸಿ ನನಗೆ ಕೊಟ್ಟ. “ನಿನ್ ಟೀಮಲ್ಲೇ ಇಟ್ಕೊ. ನನ್ ಟೀಮಲ್ಲಿದ್ರೆ ಗೋಲ್ ತಪ್ಪಿದಾಗ ಬಯ್ಯಾಕಾಗಲ್ಲ.”

ಪ್ರೀತಿಗೆ ನಾನು ಐದು ವರ್ಷದ ಕಾಂಟ್ರ್ಯಾಕ್ಟ್ ಬರೆದೆ. ಕಿಕ್ಕರ್‌ಗೆ ಯಾರೂ ಕೊಡದಷ್ಟು ಬೋನಸ್ ಕೊಟ್ಟೆ. ಈಗ ಅದೇ ಕುತ್ತಿಗೆಗೆ ಬಂದಿದೆ.

ಸರ್‌ಗೆ ಹೋದ ತಿಂಗಳು ಎದೆನೋವು. ಇಲ್ಲೇ ಹಾಸನದಲ್ಲಿ ಸ್ಟೆಂಟ್ ಹಾಕಿದರು. ಈಗ ಓಡಾಡುತ್ತಿದ್ದಾರೆ. ಇಂಥ ಸಮಯದಲ್ಲಿ ಅವರ ಹೆಸರಿನ ಆಟಗಾರನನ್ನು ಬಿಡುವುದು... ಮಹಾವೀರನನ್ನು ಕೇಳಬೇಕು. ಕೇಳಿದರೆ ಬೇಡ ಅನ್ನುತ್ತಾನೆ. ಅದಕ್ಕೇ ಕೇಳುತ್ತಿಲ್ಲ.

ಜೂನ್ 15, ಭಾನುವಾರ. ಬೆಳಿಗ್ಗೆ

ಬಿಟ್ಟೆ. ಸಂಬಳ ಉಳಿಯಿತು, ಪೆನಾಲ್ಟಿ ಎರಡು ವರ್ಷಕ್ಕೆ ಹಂಚಿಹೋಯಿತು, ಕೆಂಪು ಅಕ್ಷರ ಮಾಯ. ಡೆಡ್ ಮನಿ ಪಟ್ಟಿಯಲ್ಲಿ ಮೇಲ್ಗಡೆಯೇ ಬ್ರಹ್ಮದೇವ. ನೋಡಲು ಸರಿ ಕಾಣಲಿಲ್ಲ, ಬೇಗ ಬೇರೆ ಪೇಜಿಗೆ ಹೋದೆ.

ಲೀಗಿನ ವಾಟ್ಸಾಪ್ ಗ್ರೂಪಿಗೆ ಹಾಕಿದೆ. ‘ಬ್ರಹ್ಮದೇವ ಸರ್ ಹೋದರು. ತುಂಬಾ ಬೇಜಾರು. ಬೇರೆ ದಾರಿ ಇರಲಿಲ್ಲ. ಸೂತಕ ಎರಡು ವರ್ಷ.’ ಮಹಾವೀರ ಬಯ್ಯುತ್ತಾನೆ, ಬಯ್ಯಲಿ. ಸ್ನಾನ ಮಾಡಿ ಹೊಳೆನರಸೀಪುರದ ಬಸ್ ಹಿಡೀಬೇಕು. ಅಪ್ಪನಿಗೆ ಮಂಡಿನೋವು, ಇವತ್ತು ಪೂಜೆಗೆ ಕೈ ಜೋಡಿಸಲು ಕರೆದಿದ್ದಾರೆ.

ಅದೇ ದಿನ. ಚನ್ನರಾಯಪಟ್ಟಣ ಬಸ್ ಸ್ಟ್ಯಾಂಡ್, ಕತ್ತಲಾಗಿದೆ

ವಾಪಸ್ ಬಸ್ಸಿಗೆ ಕಾಯುತ್ತಿದ್ದೇನೆ. ಇದ್ದದ್ದನ್ನು ಇದ್ದ ಹಾಗೆ ಬರೆಯುತ್ತೇನೆ.

ಲೀಗ್ ಗ್ರೂಪಿಗೆ ಅಲ್ಲ, ಹಾಕಿದ್ದು ಸ್ಕೂಲ್ ಬ್ಯಾಚಿನ ಗ್ರೂಪಿಗೆ. ಎರಡಕ್ಕೂ ಒಂದೇ ಫೋಟೋ — ಸರ್ ಮೊಟ್ಟೆ ಚೆಂಡು ಹಿಡಿದು ನಿಂತಿರುವುದು. ಹಾಕಿ, ಫೋನ್ ಆಫ್ ಮಾಡಿ, ಗರ್ಭಗುಡಿಗೆ ಹೋದೆ. ಮಧ್ಯಾಹ್ನ ಪುಳಿಯೋಗರೆ ತಿಂದು ಅಪ್ಪನ ಪಕ್ಕ ಒಂದು ನಿದ್ದೆ ಕೂಡ ತೆಗೆದೆ. ಎದ್ದು ಫೋನ್ ಹಾಕಿದರೆ ಓಂ ಶಾಂತಿ, ಕೈಮುಗಿದ ಚಿತ್ರಗಳು, ಹಳೇ ಫೋಟೋಗಳು. ಒಬ್ಬ ಕೇಳಿದ್ದಾನೆ, ಸೂತಕ ಎರಡು ವರ್ಷ ಯಾಕೆ ಅಂತ. ಇನ್ನೊಬ್ಬನ ಉತ್ತರ: ಅರ್ಚಕರ ಮಗ ಹೇಳಿದ ಮೇಲೆ ಏನೋ ಶಾಸ್ತ್ರ ಇರುತ್ತೆ.

ಅದೇ ನೋಡಿ. ಬೇರೆ ಯಾರು ಬರೆದಿದ್ದರೂ ಅನುಮಾನ ಬರುತ್ತಿತ್ತು. ನಮ್ಮ ಮನೆಯವರು ಆ ಪದ ತಮಾಷೆಗೆ ಬಳಸುತ್ತಾರೆ ಅಂತ ಯಾರು ತಾನೆ ಅಂದುಕೊಳ್ಳುತ್ತಾರೆ.

ಗ್ರೂಪಿನಲ್ಲಿ ತಪ್ಪಾಯಿತು ಅಂತ ಹಾಕಿ ಸೀದಾ ಇಲ್ಲಿಗೆ ಬಂದೆ. ಮಹಾವೀರನ ಮನೆ ಜಗಲಿ ಮೇಲೆ ದ್ಯಾವಯ್ಯ ಕೂತಿದ್ದ. ಸ್ಕೂಲಿನ ಹಳೇ ಜವಾನ, ಈಗ ದುದ್ದದಲ್ಲಿ ಮಗನ ಹತ್ತಿರ ಇದ್ದಾನೆ. ಪಕ್ಕದಲ್ಲಿ ಸುಗಂಧರಾಜದ ಹಾರ.

“ಮೇಷ್ಟ್ರು ಓಗ್ಬುಟ್ರು ಅಂದ್ರು ಸಾಮಿ. ಎಲ್ಡು ಬಸ್ಸು ಅತ್ಗಂಡು ಅಳ್ತಾ ಬಂದೆ. ನೋಡುದ್ರೆ ಮೇಷ್ಟ್ರೇ ಬಾಗ್ಲಲ್ಲಿ ನಿಂತವ್ರೆ. ಯಾರ್ಗ್ಲಾ ದ್ಯಾವಯ್ಯ ಆರ ಅಂದ್ರು. ಏನಂತ ಏಳದು?”

ಒಳಗೆ ಮಹಾವೀರನ ಅಮ್ಮ ಪದ್ಮಾವತಮ್ಮ ನನ್ನ ಮುಖ ನೋಡಲಿಲ್ಲ. ಹಾರ ಹೊಸ್ತಿಲು ದಾಟಕೂಡದು ಅಂತ ಹೇಳಿ ಗಂಡನಿಗೆ ತಲೆಗೆ ನೀರು ಹಾಕಿಸಿದ್ದರಂತೆ. ಸರ್ ಒದ್ದೆ ತಲೆಯಲ್ಲೇ ನಗುತ್ತಾ ಕೂತಿದ್ದರು. ಬೈದಿದ್ದರೆ ಚೆನ್ನಾಗಿರುತ್ತಿತ್ತು.

“ಬಾರೋ ಆತ್ರೇಯ. ನಂಗೆ ಎರಡು ವರ್ಷ ಸೂತಕ ಯಾಕೋ? ನಿಮ್ಮಪ್ಪ ಪಂಚಾಂಗ ಬದಲಾಯ್ಸಿದ್ರಾ?”

ಎಲ್ಲ ಹೇಳಿದೆ. ಕ್ಯಾಪ್, ಬೋನಸ್, ಪೆನಾಲ್ಟಿ. ಕ್ಲಾಸಿನಲ್ಲಿ ಹುಡುಗರು ಕೇಳುವುದಕ್ಕಿಂತ ಚೆನ್ನಾಗಿ ಕೇಳಿಸಿಕೊಂಡರು.

“ಅಂದ್ರೆ ನೀನು ಬಿಟ್ ಮೇಲೂ ನನ್ ಹೆಸ್ರು ನಿನ್ ಲೆಕ್ಕದಲ್ಲಿ ಇರುತ್ತೆ.”

“ಇರುತ್ತೆ ಸರ್.”

“ಹಂಗಾದ್ರೆ ಪರವಾಗಿಲ್ಲ. ಆದ್ರೂ ಒಂದ್ಸಲ ವಾಪಸ್ ತಗೊಳ್ಳಪ್ಪ. ಟೀಮಿಂದ ತೆಗೆದ್ಹಾಕಿದ್ರು ಅನ್ನಿಸ್ಕೊಳ್ಳೋದು ಪಿ.ಟಿ. ಮೇಷ್ಟ್ರಿಗೆ ಮರ್ಯಾದೆ ಅಲ್ಲ.”

ತಗೊಳ್ಳುತ್ತೇನೆ ಅಂದೆ. ಕತ್ತಲಾಗುವ ಮುಂಚೆ ಎಲ್ಲರ ಜೊತೆ ಕೂರಿಸಿ ಊಟ ಹಾಕಿದರು. ಮಹಾವೀರ ಬಡಿಸಿದ. ಗೇಟಿನ ತನಕ ಬಂದು ಅಂದ, “ಬೆಳಿಗ್ಗೆಯಿಂದ ಅಮ್ಮ ಎಷ್ಟು ಫೋನ್ ಎತ್ತಿದ್ರು ಗೊತ್ತಾ? ಎಲ್ರಿಗೂ ಬದುಕವ್ರೆ ಬದುಕವ್ರೆ ಅಂತ ಹೇಳಿ ಹೇಳಿ... ನಂಗೊಂದು ಮಾತು ಕೇಳ್ಬೋದಿತ್ತಲ್ವಾ, ಬಿಡೋ ಮುಂಚೆ?”

ಕೇಳಬಹುದಿತ್ತು.

ಜೂನ್ 29, ಭಾನುವಾರ

ಮಹಾವೀರ ಫೋನ್ ಎತ್ತುತ್ತಿಲ್ಲ. ಮೆಸೇಜಿಗೆ ಒಂದೇ ಟಿಕ್. ಬ್ಲಾಕ್ ಮಾಡಿದ್ದಾನೆ. ಸೀಸನ್ ಕೂಡ ತಿರುಗಿಸಿಲ್ಲ. ಲೀಗ್ ನಿಂತಲ್ಲೇ ನಿಂತಿದೆ.

ಅಶೋಕನಿಗೆ ಮಾತ್ರ ತಮಾಷೆ. ಶುಂಠಿ ಲೋಡ್ ಮಾಡಿಸುತ್ತಾ ಫೋನ್ ಮಾಡಿದ್ದ. “ಏನ್ ಯಮಧರ್ಮ, ಇವತ್ ಯಾರ್ನ ಕಳ್ಸುದೆ?” ನಾನು ನಗಲಿಲ್ಲ. ಅವನೇ ಆಮೇಲೆ ಸ್ವರ ಇಳಿಸಿ, “ಸಮಯ ಕೊಡ್ಲಾ ಅವ್ನಿಗೆ. ಸರಿ ಓಯ್ತದೆ” ಅಂದ. ಸ್ಕೂಲ್ ಗ್ರೂಪಿನ ಅಡ್ಮಿನ್ ಅವನೇ. ನನ್ನನ್ನು ತೆಗೆದುಹಾಕು ಅಂದೆ. ತೆಗೆಯಲಿಲ್ಲ.

ಸರ್‌ನ ವಾಪಸ್ ತೆಗೆದುಕೊಳ್ಳಲು ಕೂತೆ. ಯಾವ ಟೀಮಿಗೂ ಸೇರದವರ ಪಟ್ಟಿಯಲ್ಲಿ ಇದ್ದಾರೆ. ಯಾರೂ ಕರೆದಿಲ್ಲ. ಆಫರ್ ಕೊಟ್ಟರೆ ಮತ್ತೆ ಕೆಂಪು ಅಕ್ಷರ — ಕ್ಯಾಪ್‌ನಲ್ಲಿ ಜಾಗ ಇಲ್ಲ. ಅವರ ಜಾಗ ತಿಂದಿರುವುದು ಅವರದೇ ಪೆನಾಲ್ಟಿ. ಬಿಟ್ಟದ್ದಕ್ಕೆ ಬಿದ್ದ ದಂಡ, ವಾಪಸ್ ಕರೆಯಲು ಬಿಡುತ್ತಿಲ್ಲ. ಎಷ್ಟು ತಿರುಗಿಸಿ ಮುರುಗಿಸಿ ಹಾಕಿದರೂ ಅಷ್ಟೇ.

ಆಗಸ್ಟ್ 10, ಭಾನುವಾರ

ಸರ್ ಅವರೇ ಫೋನ್ ಮಾಡಿದರು. ಮಗನಿಗೆ ಹೇಳಿಲ್ಲವಂತೆ.

“ಆಯ್ತೇನೋ?”

“ಪೆನಾಲ್ಟಿ ಅಡ್ಡ ಬರ್ತಿದೆ ಸರ್.”

“ಯಾರ್ದೋ?”

“ನಿಮ್ದೇ.”

ನಕ್ಕು ನಕ್ಕು ಕೆಮ್ಮು ಬಂತು. “ಬೇರೆ ಯಾರ್ನೂ ಬಿಡೋಕಾಗಲ್ವಾ?”

ಆಗುತ್ತೆ. ಕ್ವಾರ್ಟರ್‌ಬ್ಯಾಕ್‌ನ ಬಿಟ್ಟರೆ ಆಗುತ್ತೆ. ಅವನ ಪೆನಾಲ್ಟಿ ದೊಡ್ಡದು, ಆದರೂ ಈ ವರ್ಷಕ್ಕೆ ಒಬ್ಬ ಕಿಕ್ಕರ್‌ನಷ್ಟು ಜಾಗ ಸಿಗುತ್ತೆ. ಅವರಿಗೆ ಅದನ್ನು ಹೇಳಲಿಲ್ಲ. “ನೋಡ್ತೀನಿ ಸರ್” ಅಂದೆ.

“ಅದಿರ್ಲಿ, ನೀನು ಬಾರೋ ಈ ಕಡೆ. ಮಹಾವೀರ ಮೂತಿ ಉಬ್ಬಿಸ್ಕೊಂಡು ಕೂತವ್ನೆ. ಎದುರಿಗೆ ಬಂದು ಕೂತ್ರೆ ಇಳಿಯುತ್ತೆ.”

ಮುಂದಿನ ವಾರ ಬರುತ್ತೇನೆ ಅಂದೆ. ಬರಿಗೈಯಲ್ಲಿ ಹೋಗುವುದು ಹೇಗೆ. ಟೀಮಿಗೆ ವಾಪಸ್ ಹಾಕಿ, ಆ ಸ್ಕ್ರೀನಿನ ಫೋಟೋ ತೆಗೆದುಕೊಂಡು ಹೋಗಬೇಕು ಅಂತ ನನ್ನ ಆಸೆ.

ಸಂಜೆ ಕ್ವಾರ್ಟರ್‌ಬ್ಯಾಕ್ ಹೆಸರಿನ ಮೇಲೆ ಹೋಗಿ ಕೂತೆ. ರಿಲೀಸ್ ಬಟನ್ ಒತ್ತಲಿಲ್ಲ. ಮುಂದಿನ ಸೀಸನ್‌ಗೆ ಹೇಗೂ ಅರ್ಧ ಪೆನಾಲ್ಟಿ ಕರಗುತ್ತೆ, ಆಗ ನೋಡಿಕೊಳ್ಳೋಣ.

ಅಕ್ಟೋಬರ್ 12, ಭಾನುವಾರ

ಹಾಸನಾಂಬೆ ಗುಡಿ ಬಾಗಿಲು ತೆಗೆದಿದೆ, ಊರೆಲ್ಲ ಜನ. ಬಸ್ ಸ್ಟ್ಯಾಂಡ್ ಕಡೆ ಕಾಲಿಡುವ ಹಾಗಿಲ್ಲ. ಚನ್ನರಾಯಪಟ್ಟಣಕ್ಕೆ ಹೋಗಬೇಕೆಂದಿದ್ದೆ, ಬಿಟ್ಟೆ. ಹೋದ ತಿಂಗಳು ಪರೀಕ್ಷೆ ಪೇಪರ್‌ಗಳ ವ್ಯಾಲ್ಯುಯೇಷನ್ ಇತ್ತು. ಅದಕ್ಕೂ ಮುಂಚೆ ಏನಿತ್ತೋ ನೆನಪಿಲ್ಲ.

ಹಂಸ ಕೇಳಿದಳು, “ನಿಜವಾಗ್ಲೂ ಬಸ್ಸಿಂದಾನಾ ತೊಂದ್ರೆ?” ಸ್ಕೂಟರ್ ಒರೆಸಲು ಹೋದೆ.

ನವೆಂಬರ್ 9, ಭಾನುವಾರ. ಬೆಳಿಗ್ಗೆ

ಬಂತು ನೋಡಿ ಮತ್ತೆ. ಗ್ರೂಪಿನಲ್ಲಿ ಬೆಂಗಳೂರಿನವನೊಬ್ಬ — ‘ಬ್ರಹ್ಮದೇವ ಸರ್ ಹೋದರಂತೆ?’ ಕೆಳಗೆ ಕೈಮುಗಿದ ಚಿತ್ರ. ಯಾರೋ ನನ್ನ ಹಳೇ ಮೆಸೇಜ್ ಎಲ್ಲೋ ಕಳಿಸಿ, ಅದು ಸುತ್ತಾಡಿಕೊಂಡು ಬಂದಿದೆ. ಮಹಾವೀರನಿಗೆ ಫೋನ್ ಮಾಡಿದೆ, ಬ್ಲಾಕ್ ಇನ್ನೂ ತೆಗೆದಿಲ್ಲ. ಸರ್ ಫೋನ್ ರಿಂಗ್ ಆಯಿತು, ಎತ್ತಲಿಲ್ಲ. ಭಾನುವಾರ, ಬೆಳಗೊಳಕ್ಕೆ ಹೋಗಿರುತ್ತಾರೆ ಬಸದಿಗೆ.

ಅಶೋಕನ ಫೋನ್. “ಏನ್ಲಾ, ನಿಂದೇ ಆಟಾನಾ ಮತ್ತೆ?”

“ಹಳೇದು ಕಣೋ. ಯಾರೋ ಫಾರ್ವರ್ಡ್ ಮಾಡವ್ರೆ. ಈಗ್ಲೇ ಹಾಕ್ತೀನಿ.”

ಹಾಕಿದೆ. ‘ಇದು ಜೂನ್‌ನಲ್ಲಿ ನಾನು ಮಾಡಿದ ತಪ್ಪು. ಸರ್ ಚೆನ್ನಾಗಿದ್ದಾರೆ. ದಯವಿಟ್ಟು ಯಾರೂ ಫೋನ್ ಮಾಡಿ ಮನೆಯವರಿಗೆ ತೊಂದರೆ ಕೊಡಬೇಡಿ.’ ಬೇರೆ ಯಾರೂ ಬಾಯಿ ಹಾಕದ ಹಾಗೆ ಅಶೋಕ ಗ್ರೂಪ್ ಮುಚ್ಚಿದ.

ಅಷ್ಟರಲ್ಲಿ ದ್ಯಾವಯ್ಯನ ಫೋನ್. ಹಿಂದೆ ಬಸ್ಸಿನ ಹಾರ್ನು. “ದುದ್ದದ ಸ್ಟಾಪಲ್ಲಿ ನಿಂತಿವ್ನಿ ಸಾಮಿ. ಮೇಷ್ಟ್ರು ಓದ್ರು ಅಂತಾವ್ರೆ. ಓಗ್ಲಾ, ಬ್ಯಾಡ್ವಾ?”

“ಬೇಡ ದ್ಯಾವಯ್ಯ. ಸುಳ್ಳು ಸುದ್ದಿ. ಮನೆಗೆ ಹೋಗು.”

“ಆರ ತಗಂಡ್ಬುಟ್ಟಿದ್ನಲ್ಲಾ.”

“ಪರವಾಗಿಲ್ಲ, ಹೋಗು.”

ಮನಸ್ಸಿಗೆ ಎಷ್ಟೋ ಸಮಾಧಾನ. ಒಂದು ಸಲ ಕೆಡಿಸಿದ್ದನ್ನು ಈ ಸಲ ತಡೆದೆ. ಮಹಾವೀರನಿಗೆ ಯಾರಾದರೂ ಹೇಳುತ್ತಾರೆ, ಆತ್ರೇಯನೇ ನಿಂತು ತಡೆದ ಅಂತ. ಹಂಸ ಇಡ್ಲಿ ಆರುತ್ತೆ ಅಂತ ಕೂಗುತ್ತಿದ್ದಾಳೆ.

ಅದೇ ದಿನ. ಸಂಜೆ

ನಿಜ.

ನವೆಂಬರ್ 10, ಸೋಮವಾರ

ಸರ್ ನಿನ್ನೆ ಬೆಳಗಿನ ಜಾವ ಹೋಗಿದ್ದಾರೆ. ಸೂರ್ಯ ಮುಳುಗುವ ಮುಂಚೆ ಎಲ್ಲ ಮುಗಿಯಬೇಕು, ಅವರ ಪದ್ಧತಿ. ಮುಗಿಸಿಯೂ ಬಿಟ್ಟರು. ನನಗೆ ಗೊತ್ತಾಗಿದ್ದು ಅಶೋಕನಿಂದ. ಅವನಿಗೂ ಮಂಡಿಯ ಆಳಿನಿಂದ.

ಇವತ್ತು ರಜೆ ಹಾಕಿ ಹೋದೆ. ಸರ್ ಕೂರುತ್ತಿದ್ದ ಕುರ್ಚಿ ಗೋಡೆಗೆ ಒರಗಿಸಿಟ್ಟಿದ್ದರು. ಮಹಾವೀರ ನನ್ನನ್ನು ನೋಡಿ ಒಳಗೆ ಎದ್ದುಹೋದ. ಪದ್ಮಾವತಮ್ಮ ಮಾತ್ರ ಕೈ ಹಿಡಿದುಕೊಂಡು ಕೂರಿಸಿದರು. ಜೂನ್‌ನಲ್ಲಿ ಮುಖ ತಿರುಗಿಸಿದವರು ಈಗ ಕೈ ಬಿಡಲಿಲ್ಲ.

“ನೆಂಟ್ರು ಬಂದ್ರು, ಮಂಡಿಯೋರು ಬಂದ್ರು. ಸ್ಕೂಲಿನೋರು ಒಬ್ರೂ ಬರ್ಲಿಲ್ಲ ಕಣಪ್ಪ. ಅಷ್ಟು ವರ್ಷ ಅಷ್ಟು ಮಕ್ಳನ್ನ ಓಡ್ಸಿದ್ರು, ಆಡ್ಸಿದ್ರು. ದ್ಯಾವಯ್ಯ ಆದ್ರೂ ಬತ್ತಾನೆ ಅಂದ್ಕೊಂಡಿದ್ದೆ. ಬಂದ್ರೆ ಹಾರ ಒಳಗೇ ತಗೊಂಬಾ ಅನ್ನೋಣ ಅಂತ ಬಾಗ್ಲು ನೋಡ್ತಾನೇ ಇದ್ದೆ.”

ಎಲ್ಲರನ್ನೂ ತಡೆದವನು ನಾನೇ ಅಂತ ಅವರಿಗೆ ಗೊತ್ತಿಲ್ಲ. “ಎಲ್ರೂ ದೂರ ದೂರ ಇದ್ದಾರಮ್ಮ” ಅಂದೆ. ನಾಚಿಕೆಯಿಲ್ಲದ ಮಾತು. ಬದುಕಿದ್ದವರನ್ನು ಸಾಯಿಸಿದ್ದಕ್ಕಿಂತ, ಸತ್ತವರನ್ನು ಬದುಕಿದ್ದಾರೆ ಅಂದದ್ದು ದೊಡ್ಡ ತಪ್ಪು. ಮೊದಲನೆಯದಕ್ಕೆ ಸರ್ ಇದ್ದರು, ನಕ್ಕು ಕಳೆದರು.

ನವೆಂಬರ್ 12, ಬುಧವಾರ

ಕಾಲೇಜು ಮುಗಿಸಿ ಸ್ಕೂಟರ್‌ನಲ್ಲಿ ದುದ್ದಕ್ಕೆ ಹೋದೆ. ದ್ಯಾವಯ್ಯನಿಗೆ ನಾನೇ ಹೇಳಬೇಕು. ಡೈರಿಗೆ ಹಾಲು ಹಾಕಿ ಖಾಲಿ ಕ್ಯಾನ್ ಹಿಡಿದು ಬರುತ್ತಿದ್ದ. ಆಗಲೇ ಯಾರೋ ಹೇಳಿದ್ದರು.

ಬಯ್ಯಲಿ ಅಂತ ನಿಂತೆ. ಬಯ್ಯಲಿಲ್ಲ.

“ನೀವು ಬ್ಯಾಡ ಅಂದ್ರಲ್ಲ ಸಾಮಿ. ನೀವೇಳುದ್ ಮ್ಯಾಲೆ ಇನ್ನೇನು ಅಂತ ವಾಪಸ್ ಬಂದೆ. ಬಸ್ಸು ಎದ್ರುಗೇ ನಿಂತಿತ್ತು. ಕಂಡಕ್ಟ್ರು ಕೇಳ್ದ, ಅತ್ತೀಯಾ ಇಲ್ವಾ ಅಂತ.” ಕ್ಯಾನ್ ಕೆಳಗಿಟ್ಟ. “ಆರಾನ ಬಸವಣ್ಣನ ಗುಡಿಗೆ ಆಕ್ಬುಟ್ಟೆ. ಮೇಷ್ಟ್ರು ಚೆನ್ನಾಗಿರ್ಲಿ ಅಂತ.”

ಕಾಫಿ ಕುಡಿದು ಹೋಗಿ ಅಂದ. ಕುಡಿದೆ. ಗ್ಯಾರಳ್ಳಿ ಕ್ರಾಸ್ ದಾಟಿದ ಮೇಲೆ ಸ್ಕೂಟರ್ ನಿಲ್ಲಿಸಿ ಅತ್ತೆ.

ನವೆಂಬರ್ 15, ಶನಿವಾರ

ಸೀಸನ್ ತಿರುಗಿದೆ. ಸಂಜೆ ಗೇಮ್ ಹಾಕಿದರೆ ಹೊಸ ವರ್ಷ. ಇಷ್ಟು ತಿಂಗಳು ನಿಲ್ಲಿಸಿದ್ದವನು ಇವತ್ತು ಯಾಕೆ ಬಟನ್ ಒತ್ತಿದನೋ. ಏನೂ ತೋಚದೆ ಒತ್ತಿರಬೇಕು.

ಅರ್ಧ ಪೆನಾಲ್ಟಿ ಕರಗಿದೆ. ಕ್ಯಾಪ್‌ನಲ್ಲಿ ಜಾಗ ಇದೆ, ಧಾರಾಳವಾಗಿ. ಓಡಿಹೋಗಿ ಟೀಮಿಲ್ಲದವರ ಪಟ್ಟಿ ತೆಗೆದೆ. ಬ್ರಹ್ಮದೇವ ಇಲ್ಲ. ಹುಡುಕಿದರೆ ನಿವೃತ್ತರ ಪಟ್ಟಿಯಲ್ಲಿ ಸಿಕ್ಕಿದರು. ಯಾರೂ ಕರೆಯದಿದ್ದರೆ ಹಾಗೇ ಮಾಡುತ್ತೆ ಆಟ. ನನ್ನ ಲೆಕ್ಕದಲ್ಲಿ ಮಾತ್ರ ಹೆಸರು ಇದೆ, ಡೆಡ್ ಮನಿ ಕೆಳಗೆ, ಇನ್ನೊಂದು ವರ್ಷಕ್ಕೆ. ಕ್ವಾರ್ಟರ್‌ಬ್ಯಾಕ್ ಟೀಮಿನಲ್ಲೇ ಇದ್ದಾನೆ, ಆರಾಮಾಗಿ. ಅವನನ್ನು ಉಳಿಸಿಕೊಂಡು ನಾನೇನು ಮಾಡಿದೆ.

ಆಫ್ ಮಾಡುವ ಹೊತ್ತಿಗೆ ಫೋನ್. ಮಹಾವೀರ. ಜೂನ್ ಆದ ಮೇಲೆ ಮೊದಲ ಸಲ.

“ಇವತ್ತು ನಮ್ ಬ್ಯಾಚಿನವನೊಬ್ಬ ಮದುವೆ ಕಾರ್ಡ್ ಹಿಡ್ಕೊಂಡು ಬಂದಿದ್ದ. ಸರ್ ಕೈಗೇ ಕೊಡ್ಬೇಕು ಅಂತ. ಹೋಗ್ಬಿಟ್ರು ಅಂದ್ರೆ ನಗ್ತಾನೆ. ಗ್ರೂಪಲ್ಲಿ ಚೆನ್ನಾಗವ್ರೆ ಅಂತ ಐತಲ್ಲ ಅಂತ ಅಮ್ಮನ ಮುಂದೆ ಫೋನ್ ತೆಗೆದು ತೋರಿಸ್ದ.”

ಟಿವಿ ಆಫ್ ಮಾಡಿದೆ.

“ಅಮ್ಮ ಓದಿದ್ರು. ಕನ್ನಡಕ ತೆಗೆದು ಇಟ್ರು. ನಾನು ಹಾಕಿದ್ರೆ ಯಾರೂ ನಂಬಲ್ಲ ಆತ್ರೇಯ, ಇದೂ ಆಟ ಅಂತಾರೆ. ನೀನೇ ಇಲ್ಲ ಅಂದೆ. ನೀನೇ ಹೌದು ಅಂತ ಹಾಕು.”

“ಹಾಕ್ತೀನಿ.”

“ಇವತ್ತೇ ಬೇಡ. ಸರಿಯಾಗಿ ಬರೆದು ಹಾಕು.” ಇಟ್ಟುಬಿಟ್ಟ.

ನವೆಂಬರ್ 16, ಭಾನುವಾರ. ಬೆಳಿಗ್ಗೆ

ಅಶೋಕ ಗ್ರೂಪ್ ತೆರೆದಿದ್ದಾನೆ. ಕೊನೆಯ ಮೆಸೇಜ್ ಇನ್ನೂ ನನ್ನದೇ. ಸರ್ ಚೆನ್ನಾಗಿದ್ದಾರೆ. ಒಂದು ವಾರದಿಂದ ಅಲ್ಲೇ ಕೂತಿದೆ, ತಿದ್ದಿ ಹಾಕಲು ನನಗೂ ಅಶೋಕನಿಗೂ ಮುಖ ಇರಲಿಲ್ಲ. ಅದರ ಕೆಳಗೆ ಬರೆಯಬೇಕು.

ಫೋನಿನಲ್ಲಿ ಬೆರಳು ಓಡಲಿಲ್ಲ. ಮೊದಲು ಇಲ್ಲಿ ಬರೆದು ನೋಡುತ್ತೇನೆ.

‘ನಮ್ಮೆಲ್ಲರ ಅಚ್ಚುಮೆಚ್ಚಿನ...’ ಬೇಡ. ಸರ್ ಇದ್ದಿದ್ದರೆ ಸೀಟಿ ಊದಿ ಮೈದಾನ ಸುತ್ತಿಸುತ್ತಿದ್ದರು.

‘ನವೆಂಬರ್ 9ರಂದು ನಾನು ಹಾಕಿದ್ದು ತಪ್ಪು, ಎಲ್ಲರೂ ಕ್ಷಮಿಸಬೇಕು...’ ಮೊದಲ ಸಾಲಿಗೇ ನನ್ನ ವಿಷಯ. ಅದೂ ಬೇಡ. ಅದು ಕೊನೆಗೆ ಬರಲಿ.

ನೇರವಾಗಿ ಬರೆಯಬೇಕು. ಜೂನ್‌ನಲ್ಲಿ ಬರೆದಿದ್ದೆನಲ್ಲ, ಅದೇ ಮೂರು ಪದ ಸಾಕು. ಆಗ ಟವೆಲ್ ಹೆಗಲ ಮೇಲೆ ಹಾಕಿಕೊಂಡು, ಒಂದೇ ಕೈಯಲ್ಲಿ, ಬಸ್ಸಿನ ಅವಸರದಲ್ಲಿ ಒತ್ತಿದ್ದೆ. ಎಷ್ಟು ಸಲೀಸಾಗಿ ಬಂದಿತ್ತು.

ಬ್ರಹ್ಮದೇವ ಸರ್